ಹೃದಯಾಘಾತದ ಮೊದಲ ಗಂಟೆ: ನಮ್ಮ ಹೊಣೆ

ಹೃದಯಾಘಾತವೆಂದರೆ ದೇವರ ಕರೆ, ಅಲ್ಲಿ ಮನುಷ್ಯ ಪ್ರಯತ್ನಕ್ಕೆ ಎಡೆಯಿಲ್ಲ ಎಂಬ ಭಾವನೆ ನಮ್ಮ ಅನೇಕ ಕುಟುಂಬಗಳಲ್ಲಿ ಇಂದಿಗೂ ಬೇರೂರಿದೆ. ಸಾವಿನ ಮನೆಯಲ್ಲಿ ಸಾಂತ್ವನಕ್ಕೆಂದು ಆಡುವ ಈ ಮಾತನ್ನು ಯಾರೂ ಆಕ್ಷೇಪಿಸಲಾರರು. ಆದರೆ ಮನೆಯ ಯಜಮಾನ ಎದೆ ಒತ್ತಿಕೊಂಡು ಮಂಚದ ಮೇಲೆ ಕುಳಿತು ಬೆವರುತ್ತಿರುವಾಗಲೇ ಇದೇ ಭಾವನೆ ನಮ್ಮ ಕೈಕಾಲುಗಳನ್ನು ಕಟ್ಟಿಹಾಕುವುದಾದರೆ ಅದನ್ನು ವಿಶ್ವಾಸವೆಂದು ಕರೆಯುವುದು ಹೇಗೆ? ವೈದ್ಯವಿಜ್ಞಾನದ ಮಟ್ಟಿಗೆ ಹೇಳುವುದಾದರೆ, ಹೃದಯಾಘಾತದ ಮೊದಲ ಕೆಲವು ಗಂಟೆಗಳಷ್ಟು ಮನುಷ್ಯ ಪ್ರಯತ್ನಕ್ಕೆ ಫಲ ಕೊಡುವ ಹೊತ್ತು ಬೇರೆ ಯಾವ ದೊಡ್ಡ ಕಾಯಿಲೆಯಲ್ಲಿಯೂ ಅಷ್ಟಾಗಿ ಇಲ್ಲ.

ಇಲ್ಲಿ ಅರಸೀಕೆರೆಯೆಂದರೆ ಹಾಸನ ಜಿಲ್ಲೆಯ ರೈಲು ಜಂಕ್ಷನ್ ಅಲ್ಲ. ಉಚ್ಚಂಗಿದುರ್ಗದ ಆಸುಪಾಸಿನಲ್ಲಿರುವ, ಹರಪನಹಳ್ಳಿ ತಾಲೂಕಿನ ಹೋಬಳಿ ಕೇಂದ್ರವಾದ ನಮ್ಮ ಅರಸೀಕೆರೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಕಡತಗಳು ಯಾವ ಊರಿಗೆ ಹೋದರೂ ಎದೆನೋವು ಬಂದವರು ಮಾತ್ರ ದಾವಣಗೆರೆಯ ಕಡೆಗೇ ಹೊರಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜನರೂ ಹೀಗೆಯೇ ತಮ್ಮ ತಮ್ಮ ದೊಡ್ಡ ಊರನ್ನು ನೆನೆದು ವಾಹನ ಹತ್ತುತ್ತಾರೆ. ಈ ಬಯಲುಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಸಂಖ್ಯೆಯಲ್ಲಿ ಸಣ್ಣವು, ಊರೂರಿಗೆ ಹಂಚಿಹೋದವು. ಆದರೂ ಶಾಲೆ, ಔಷಧಾಲಯ, ಕನ್ಯಾಮಠಗಳ ಮೂಲಕ ನಮ್ಮ ಮಾತಿಗೆ ಇಲ್ಲಿ ನಮ್ಮ ಸಂಖ್ಯೆಗಿಂತ ಹೆಚ್ಚಿನ ಬೆಲೆಯಿದೆ. ಆದ್ದರಿಂದಲೇ ಈ ವಿಷಯ ನಮ್ಮ ಮನೆಗಳಿಗಷ್ಟೇ ಸೀಮಿತವಲ್ಲ.

ಮೊದಲು ಹೃದಯಾಘಾತದಲ್ಲಿ ನಡೆಯುವುದೇನೆಂಬುದನ್ನು ತಿಳಿಯಬೇಕು. ಇಡೀ ದೇಹಕ್ಕೆ ರಕ್ತವನ್ನು ಕಳಿಸುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟಿರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿಯುತ್ತದೆ, ಗಾಯವಾಯಿತೆಂದು ಬಗೆದ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚಿಹೋಗುತ್ತದೆ. ನಾಲೆಯ ತೂಬು ಮುಚ್ಚಿದರೆ ಕೊನೆಯ ಗದ್ದೆ ಒಣಗುವಂತೆ ಆ ನಾಳದ ಮುಂದಿನ ಸ್ನಾಯು ಸಾಯತೊಡಗುತ್ತದೆ. ಗದ್ದೆ ಒಂದೇ ಗಳಿಗೆಯಲ್ಲಿ ಒಣಗುವುದಿಲ್ಲ. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸ್ನಾಯುವಿನ ಸಾವು ಹೃದಯದ ಗೋಡೆಯ ಒಳಪದರದಲ್ಲಿ ಆರಂಭವಾಗಿ ಗಂಟೆಗಳ ಅವಧಿಯಲ್ಲಿ ಅಲೆಯಂತೆ ಹೊರಪದರದತ್ತ ಸಾಗುವುದು ಕಂಡುಬಂದಿತು. ಸುಮಾರು ಆರು ಗಂಟೆಗಳಾಗುವಷ್ಟರಲ್ಲಿ ಉಳಿಸಿಕೊಳ್ಳಬಹುದಾದ ಸ್ನಾಯುವಿನ ಬಹುಪಾಲು ಕೈತಪ್ಪಿರುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ, ಅಲ್ಲಿ ಕಲೆ ಮಾತ್ರ ಉಳಿಯುತ್ತದೆ. ನಾಳವನ್ನು ಬೇಗ ತೆರೆದು ರಕ್ತದ ಹರಿವನ್ನು ಮರಳಿ ತಂದರೆ ಉಳಿದ ಸ್ನಾಯು ಬದುಕುತ್ತದೆ. ಇಡೀ ಚಿಕಿತ್ಸೆಯ ತಿರುಳು ಇಷ್ಟೇ.

ಇಷ್ಟು ಸರಳವಾಗಿ ಕಾಣುವ ಸತ್ಯವನ್ನು ವೈದ್ಯಲೋಕ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ಹೆಪ್ಪನ್ನು ಕರಗಿಸುವ ವಸ್ತುವೊಂದು ಒಂದು ಜಾತಿಯ ಬ್ಯಾಕ್ಟೀರಿಯಾದಲ್ಲಿ ಇದೆಯೆಂದು ಅಮೆರಿಕದ ವಿಲಿಯಂ ಟಿಲ್ಲೆಟ್ 1933ರಲ್ಲಿಯೇ ಕಂಡುಕೊಂಡಿದ್ದರು. ಅದೇ ಮುಂದೆ ಸ್ಟ್ರೆಪ್ಟೋಕೈನೇಸ್ ಎಂದು ಹೆಸರಾಯಿತು. ಆದರೆ ಹೆಪ್ಪು ಹೃದಯಾಘಾತಕ್ಕೆ ಕಾರಣವೋ, ಆಘಾತದ ನಂತರ ಉಂಟಾಗುವ ಪರಿಣಾಮವೋ ಎಂಬ ವಾದ ದಶಕಗಳ ಕಾಲ ನಡೆಯಿತು. 1980ರಲ್ಲಿ ಡಿವುಡ್ ಎಂಬ ವೈದ್ಯರು ರೋಗಿಗಳ ನಾಳಗಳ ಚಿತ್ರ ತೆಗೆದು, ನೋವು ಆರಂಭವಾದ ನಾಲ್ಕು ಗಂಟೆಗಳೊಳಗೆ ಪರೀಕ್ಷಿಸಿದವರಲ್ಲಿ ಶೇಕಡ 87 ಮಂದಿಯ ನಾಳ ಸಂಪೂರ್ಣವಾಗಿ ಮುಚ್ಚಿದ್ದುದನ್ನು ತೋರಿಸಿದ ಮೇಲೆ ವಾದ ಮುಗಿಯಿತು. 1986ರಲ್ಲಿ ಇಟಲಿಯ ವೈದ್ಯರು 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಸ್ಟ್ರೆಪ್ಟೋಕೈನೇಸ್ ಪರೀಕ್ಷಿಸಿದರು. ಔಷಧಿ ಪಡೆಯದವರಲ್ಲಿ 21 ದಿನಗಳೊಳಗೆ ಶೇಕಡ 13 ಮಂದಿ ತೀರಿಕೊಂಡರೆ ಪಡೆದವರಲ್ಲಿ ಆ ಪ್ರಮಾಣ ಶೇಕಡ 10.7 ಆಗಿತ್ತು. ನೋವು ಬಂದ ಒಂದು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಎರಡು ವರ್ಷಗಳ ಬಳಿಕ, 17,187 ರೋಗಿಗಳನ್ನೊಳಗೊಂಡ ಮತ್ತೊಂದು ದೊಡ್ಡ ಅಧ್ಯಯನ ಇನ್ನಷ್ಟು ಅಚ್ಚರಿಯ ಸಂಗತಿಯನ್ನು ಹೊರಗೆಡಹಿತು. ತಲೆನೋವಿಗೆ ನುಂಗುವ ಆಸ್ಪಿರಿನ್ ಒಂದೇ ಸಾವಿನ ಪ್ರಮಾಣವನ್ನು ಶೇಕಡ 23ರಷ್ಟು ತಗ್ಗಿಸಿತು. ಸ್ಟ್ರೆಪ್ಟೋಕೈನೇಸ್ ಜೊತೆಗೂಡಿದಾಗ ಈ ಇಳಿಕೆ ಶೇಕಡ 42ಕ್ಕೆ ಏರಿತು. ಕೆಲವೇ ಪೈಸೆಗಳ ಬೆಲೆಯ ಮಾತ್ರೆಯೊಂದರಿಂದ ಇಷ್ಟಾಯಿತೆಂಬುದನ್ನು ಓದುಗರು ಗಮನಿಸಬೇಕು.

ಹೊತ್ತಿನ ಬೆಲೆಯನ್ನು ಲೆಕ್ಕ ಹಾಕಿದವರೂ ಇದ್ದಾರೆ. ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಮೊದಲ ಒಂದು ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಪ್ರತಿ ಸಾವಿರ ರೋಗಿಗಳಲ್ಲಿ ಹೆಚ್ಚುವರಿಯಾಗಿ 65 ಜೀವಗಳು ಉಳಿಯುತ್ತವೆ. ಎರಡನೆಯ ಗಂಟೆಯಲ್ಲಿ ಕೊಟ್ಟರೆ 37. ಮೂರನೆಯ ಗಂಟೆಯಲ್ಲಿ 26. ನಾವು ಗಾಡಿಗಾಗಿ ಕಾಯುತ್ತಾ, ಬೆಂಗಳೂರಿನ ಅಳಿಯನಿಗೆ ಫೋನ್ ಮಾಡುತ್ತಾ, ಯಾವ ಆಸ್ಪತ್ರೆ ಒಳ್ಳೆಯದೆಂದು ಚರ್ಚಿಸುತ್ತಾ ಕಳೆಯುವ ಹೊತ್ತು ಈ ಅಂಕಿಗಳ ನಡುವೆಯೇ ಇದೆ.

ಇನ್ನು ಆಂಜಿಯೋಪ್ಲಾಸ್ಟಿಯ ಮಾತು. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಡಾ. ಆಂಡ್ರಿಯಾಸ್ ಗ್ರುಯೆಂಟ್ಸಿಗ್ ಅವರು ಹೃದಯದ ನಾಳದೊಳಕ್ಕೆ ಪುಟ್ಟ ಬಲೂನನ್ನು ತೂರಿಸಿ, ಉಬ್ಬಿಸಿ, ದಾರಿ ಬಿಡಿಸಿದ ಮೊದಲಿಗರು. ಇಂದು ಬಲೂನಿನೊಂದಿಗೆ ಸ್ಟೆಂಟ್ ಎಂಬ ಲೋಹದ ಬಲೆಯ ಕೊಳವೆಯನ್ನೂ ಇರಿಸುತ್ತಾರೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಗಳ ಮಿತಿ ಹಾಕಿದ್ದು ಬಡವರಿಗೆ ಆದ ದೊಡ್ಡ ಉಪಕಾರ. ಹೃದಯಾಘಾತಕ್ಕೆ ತಕ್ಷಣದ ಆಂಜಿಯೋಪ್ಲಾಸ್ಟಿಯೇ ಅತ್ಯುತ್ತಮ ಚಿಕಿತ್ಸೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಇಲ್ಲೊಂದು ಷರತ್ತಿದೆ: ರೋಗನಿರ್ಣಯವಾದ ಎರಡು ಗಂಟೆಗಳೊಳಗೆ ಅದು ನಡೆಯುವಂತಿರಬೇಕು. ದಾವಣಗೆರೆಯ ವಿದ್ಯಾನಗರದ ನಿವಾಸಿಗೆ ಈ ಷರತ್ತು ಕಷ್ಟವಲ್ಲ. ರಾತ್ರಿ ಎರಡು ಗಂಟೆಗೆ ಅರಸೀಕೆರೆಯ ಸುತ್ತಣ ಹಳ್ಳಿಯೊಂದರಲ್ಲಿ ಎದೆ ಹಿಡಿದುಕೊಂಡವರಿಗೆ ವಾಹನ ಸಿಕ್ಕಿ, ದಾರಿ ಸಾಗಿ, ಆಸ್ಪತ್ರೆಯ ಬಾಗಿಲು ತೆರೆದು, ವೈದ್ಯರು ಮನೆಯಿಂದ ಬಂದು, ಮುಂಗಡ ಹಣ ಕಟ್ಟಿ, ನಾಳ ತೆರೆಯುವ ಹೊತ್ತಿಗೆ ಬೆಳಗಾಗಿರುತ್ತದೆ.

ಆದ್ದರಿಂದ ನಮ್ಮಂತಹ ಊರುಗಳಿಗೆ ವೈದ್ಯರು ಸೂಚಿಸುವ ದಾರಿ ಬೇರೆ. ಹತ್ತಿರದ ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ದೊಡ್ಡ ಆಘಾತವೆಂದು ಖಚಿತವಾದೊಡನೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವುದು. ಆ ಬಳಿಕ ರೋಗಿಯನ್ನು ದೊಡ್ಡ ಊರಿಗೆ ಸಾಗಿಸಿ, ಒಂದು ದಿನದೊಳಗೆ ಆಂಜಿಯೋಗ್ರಾಂ ಮಾಡಿ, ಬೇಕಿದ್ದರೆ ಸ್ಟೆಂಟ್ ಹಾಕುವುದು. ಮದ್ದು ಕೊಟ್ಟು ಒಂದೂವರೆ ಗಂಟೆಯಾದರೂ ಇ.ಸಿ.ಜಿ. ಸುಧಾರಿಸದಿದ್ದರೆ ಮಾತ್ರ ಕೂಡಲೇ ಆಂಜಿಯೋಪ್ಲಾಸ್ಟಿ ಬೇಕಾಗುತ್ತದೆ. ಆದುದರಿಂದಲೇ ಮದ್ದು ಕೊಟ್ಟೊಡನೆ ಸಾಗಿಸಲು ಆರಂಭಿಸುವುದು ಕ್ಷೇಮ. 2013ರಲ್ಲಿ ಪ್ರಕಟವಾದ, 1,892 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನವೊಂದು ಈ ಎರಡು ಹಂತದ ದಾರಿಯ ಫಲ ನೇರ ಆಂಜಿಯೋಪ್ಲಾಸ್ಟಿಗೆ ಸರಿಸಮವೆಂದು ತೋರಿಸಿತು. ನೋವು ಬಂದ ಮೂರು ಗಂಟೆಗಳೊಳಗೆ ವೈದ್ಯರನ್ನು ಕಂಡಿದ್ದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದ ರೋಗಿಗಳು ಅವರು. ಮೆದುಳಿನಲ್ಲಿ ರಕ್ತಸ್ರಾವವಾದವರು ಮದ್ದು ಪಡೆದವರಲ್ಲಿ ಶೇಕಡ ಒಂದರಷ್ಟು, ಮತ್ತೊಂದು ಗುಂಪಿಗಿಂತ ಸ್ವಲ್ಪ ಹೆಚ್ಚು. 75 ದಾಟಿದವರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸಿ ಆ ಅಪಾಯವನ್ನು ತಗ್ಗಿಸಲಾಯಿತು. ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಹೀಗೆ ಜೋಡಿಸಿದ ಬಳಿಕ ಹೃದಯಾಘಾತದ ರೋಗಿಗಳಲ್ಲಿ ಒಂದು ವರ್ಷದೊಳಗಿನ ಸಾವು ಶೇಕಡ 17.6ರಿಂದ 14.2ಕ್ಕೆ ಇಳಿದುದು 2017ರಲ್ಲಿ ವರದಿಯಾಗಿದೆ.

ಶುಭಸಂದೇಶದ ಸಮಾರಿಯದವನು ಮಾಡಿದ್ದೂ ಇದೇ ಕ್ರಮದಲ್ಲಿ. ಆತ ಗಾಯಾಳುವನ್ನು ಹಾಗೆಯೇ ಹೊತ್ತು ಛತ್ರಕ್ಕೆ ಓಡಲಿಲ್ಲ. ದಾರಿಯ ಬದಿಯಲ್ಲಿಯೇ ಎಣ್ಣೆ, ದ್ರಾಕ್ಷಾರಸ ಹಚ್ಚಿ ಗಾಯ ಕಟ್ಟಿದ. ಬಳಿಕ ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಆಮೇಲೆ ಹಣದ ಮಾತು.

ಹಣದ ಮಾತು ಬಂದುದರಿಂದ ನಮ್ಮದೇ ಧರ್ಮಸಭೆಯ ಸಂಸ್ಥೆಯೊಂದು ಹೊರತಂದ ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಒಡೆತನದಲ್ಲಿ 1963ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ನಾವೆಲ್ಲ ಬಲ್ಲೆವು. ಅಲ್ಲಿನ ಡಾ. ಡೆನಿಸ್ ಝೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಅವರ ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ 20,937 ಹೃದ್ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಆಘಾತವಾದವರಿಗೆ ಆಸ್ಪತ್ರೆ ತಲುಪಲು ಹಿಡಿದ ಕಾಲದ ಮಧ್ಯಾಂಕ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆಯೊಳಗೆ ಬಂದ ಮೇಲೆ ಮದ್ದು ಸಿಗಲು ಹಿಡಿದದ್ದು 50 ನಿಮಿಷ. ಎಂದರೆ ಹೊತ್ತು ನಷ್ಟವಾದದ್ದು ಬಹುಮಟ್ಟಿಗೆ ಆಸ್ಪತ್ರೆಯ ಹೊರಗೆ, ಮನೆಯಲ್ಲಿ ಮತ್ತು ದಾರಿಯಲ್ಲಿ.

ಆದರೆ ಈ ಅಧ್ಯಯನದಲ್ಲಿ ಮನಸ್ಸನ್ನು ಹೆಚ್ಚು ಕಲಕುವುದು ಬೇರೊಂದು ಅಂಶ. ಮೂವತ್ತು ದಿನಗಳೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇಕಡ 5.5, ಬಡವರಲ್ಲಿ ಶೇಕಡ 8.2. ಬಡವರ ರೋಗವೇ ಹೆಚ್ಚು ಉಗ್ರವಾಗಿತ್ತೇ? ಅವರ ವಯಸ್ಸು, ಬೀಡಿ ಸೇವನೆ, ರಕ್ತದೊತ್ತಡಗಳು ಕಾರಣವೇ? ಸಂಶೋಧಕರು ಈ ಎಲ್ಲ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ಮಾಯವಾಗಲಿಲ್ಲ. ದೊರೆತ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಅಂತರ ಅಳಿಸಿಹೋಯಿತು. ಬಡವನಿಗೂ ಶ್ರೀಮಂತನಿಗೆ ಸಿಕ್ಕ ಮದ್ದುಗಳೇ ಸಿಕ್ಕಿದ್ದರೆ ಆತನೂ ಅಷ್ಟೇ ಬದುಕುತ್ತಿದ್ದ ಎಂಬುದು ಇದರ ಅರ್ಥ. ಉಪವಾಸ ಕಾಲದಲ್ಲಿ ದಾನಧರ್ಮದ ಕುರಿತು ನಾವು ಕೇಳುವ ಪ್ರಸಂಗಗಳ ಜೊತೆಗೆ ಈ ಎರಡು ಅಂಕಿಗಳನ್ನೂ ಓದಿಸಿದರೆ ತಪ್ಪಾಗಲಾರದು.

ಇತ್ತ ನಮ್ಮ ರಾಜ್ಯದಲ್ಲಿ ಪರಿಸ್ಥಿತಿ ಮೊದಲಿನಂತಿಲ್ಲ. ಜನಪ್ರಿಯ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ಅಗಲಿದಾಗ ಇಡೀ ನಾಡು ಮರುಗಿತು. ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಗಣಕಯಂತ್ರದ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಅವರ ಸಲಹೆಯಂತೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಯ ವೈದ್ಯರೇ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಈ ಮದ್ದು ಯೋಜನೆಯಲ್ಲಿ ಉಚಿತ. ಸ್ಟ್ರೆಪ್ಟೋಕೈನೇಸನ್ನು ಅರ್ಧದಿಂದ ಒಂದು ಗಂಟೆ ಹನಿಹನಿಯಾಗಿ ಏರಿಸಬೇಕಿತ್ತು, ರಕ್ತದೊತ್ತಡ ಕುಸಿಯದಂತೆ ಕಾಯಬೇಕಿತ್ತು. ಇದನ್ನಾದರೋ ರೋಗಿಯ ತೂಕ ನೋಡಿ ಕೆಲವೇ ಸೆಕೆಂಡುಗಳಲ್ಲಿ ಒಂದೇ ಬಾರಿಗೆ ರಕ್ತನಾಳಕ್ಕೆ ಕೊಟ್ಟು ಮುಗಿಸಬಹುದು. ಸಣ್ಣ ಆಸ್ಪತ್ರೆಗೆ ಇದಕ್ಕಿಂತ ಒಪ್ಪುವ ಮದ್ದು ಇಲ್ಲ. ಸರ್ಕಾರದ ಹೊರಗೂ ಇಂತಹ ಪ್ರಯತ್ನ ನಡೆದಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಿಂದ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ದಾನಿಗಳಿಂದ ಕೊಡಿಸಿ, ವಾಟ್ಸ್ಆಪ್ ಮೂಲಕ ಬಂದ ಇ.ಸಿ.ಜಿ.ಗಳನ್ನು ನೋಡಿ ಸಲಹೆ ನೀಡುವ ಕೆಲಸ ಆರಂಭಿಸಿದರು.

2025ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ, ಆ ಇನ್ನೊಂದು ಅರಸೀಕೆರೆಯ ಜಿಲ್ಲೆಯಲ್ಲಿ, ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹಬ್ಬಿದಾಗ ಆದದ್ದೇನು? ಯಾವ ನೋವೂ ಇಲ್ಲದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುವುದಿಲ್ಲವೆಂದಿತು. ಸರ್ಕಾರ ಹೃದಯ ಜ್ಯೋತಿಯನ್ನು ರಾಜ್ಯದ ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಜುಲೈನಲ್ಲಿ ಪ್ರಕಟಿಸಿತು. ಭಯದಿಂದ ದೂರದ ಊರಿನಲ್ಲಿ ಸಾಲು ನಿಲ್ಲುವವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಯಾರಿದ್ದಾರೆ ಎಂದು ವಿಚಾರಿಸಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಾಗುತ್ತಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಈಗ ಧರ್ಮದ ಮಾತು. ಜೀವ ಉಳಿಸಿಕೊಳ್ಳಲು ಮನುಷ್ಯ ಎಲ್ಲಿಯವರೆಗೆ ಪ್ರಯತ್ನಿಸಬೇಕು? ಈ ಪ್ರಶ್ನೆಗೆ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಆಡಿದ ಮಾತುಗಳಲ್ಲಿ ಸ್ಪಷ್ಟ ಉತ್ತರ ದೊರೆಯುತ್ತದೆ. ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ. ಅಸಾಮಾನ್ಯವಾದ, ಹೊರಲಾರದ ಹೊರೆಯಾಗುವ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟುಪಾಡಿಲ್ಲ. ಯಾವುದು ಸಾಮಾನ್ಯ, ಯಾವುದು ಅಸಾಮಾನ್ಯ ಎಂಬುದು ವ್ಯಕ್ತಿ, ಸ್ಥಳ, ಕಾಲಗಳನ್ನು ಅನುಸರಿಸಿ ಬದಲಾಗುತ್ತದೆ ಎಂಬುದು ಅವರ ಬೋಧನೆಯ ಸಾರ. 1985ರಲ್ಲಿ ಹರಪನಹಳ್ಳಿ ತಾಲೂಕಿನ ಒಬ್ಬ ರೈತನಿಗೆ ಹೃದಯದ ನಾಳ ತೆರೆಸುವುದೆಂದರೆ ಜಮೀನು ಮಾರಿ ಬೆಂಗಳೂರಿಗೆ ಹೋಗುವುದಾಗಿತ್ತು. ಅದು ಅಸಾಮಾನ್ಯ ಸಾಧನವೇ ಸರಿ, ಆತ ಮನೆಯಲ್ಲಿಯೇ ಉಳಿದರೆ ಯಾರೂ ದೋಷ ಹೇಳುವಂತಿರಲಿಲ್ಲ. ಇಂದು ಒಂದು ಆಸ್ಪಿರಿನ್, ಒಂದು ಇ.ಸಿ.ಜಿ., ತಾಲೂಕು ಆಸ್ಪತ್ರೆಯ ಒಂದು ಉಚಿತ ಚುಚ್ಚುಮದ್ದು ಅಸಾಮಾನ್ಯವೆಂದು ಹೇಳಲು ಬರುವುದಿಲ್ಲ. ಸಾಧನ ಸಾಮಾನ್ಯವಾದೊಡನೆ ಅದನ್ನು ಬಳಸುವ ಕರ್ತವ್ಯವೂ ನಮ್ಮ ಮೇಲೆ ಬಂದಿದೆ. ಕುಟುಂಬದ ಮೇಲೂ, ನೆರೆಹೊರೆಯ ಮೇಲೂ, ಧರ್ಮಕೇಂದ್ರದ ಮೇಲೂ. ವೈದ್ಯನನ್ನು ಗೌರವಿಸಬೇಕು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎಂದು ಬೋಧಿಸುವ ಸಿರಾಖನ ಗ್ರಂಥದ 38ನೆಯ ಅಧ್ಯಾಯ ನಮ್ಮ ಬೈಬಲ್ಲಿನಲ್ಲಿಯೇ ಇದೆ.

ಇದರೊಂದಿಗೆ ಮತ್ತೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕಾಗಿದೆ. ರೋಗಿಗಳ ಅಭ್ಯಂಗ ಸಂಸ್ಕಾರವು ಪ್ರಾಣ ಹೋಗುವ ಗಳಿಗೆಯವರಿಗೆ ಮಾತ್ರ ಮೀಸಲಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸಾರಿತು. ಆದರೂ ಗುರುಗಳು ಬರುವವರೆಗೆ ರೋಗಿಯನ್ನು ಮನೆಯಲ್ಲಿಯೇ ಇರಿಸಿಕೊಳ್ಳುವ ಪದ್ಧತಿ ಅಲ್ಲಲ್ಲಿ ಉಳಿದಿದೆ. ಗುರುಗಳಿಗೆ ಅವಶ್ಯವಾಗಿ ಹೇಳಿಕಳುಹಿಸೋಣ, ಆದರೆ ವಾಹನ ಹೊರಟ ಮೇಲೆ. ಅವರು ಆಸ್ಪತ್ರೆಗೇ ಬಂದು ಅಭ್ಯಂಗ ನೀಡಬಲ್ಲರು. ಎಷ್ಟೋ ಊರುಗಳಲ್ಲಿ ರಾತ್ರಿಯ ಹೊತ್ತು ಸಿಗುವ ಏಕೈಕ ವಾಹನ ಗುರುಗಳ ಜೀಪೇ ಆಗಿರುತ್ತದೆ. ಅಲ್ಲಿ ಎರಡು ಕೆಲಸವೂ ಒಟ್ಟಿಗೆ ಆಯಿತು.

ನಮ್ಮ ಮನೆಗಳಲ್ಲಿ ಹೊತ್ತು ಕಳೆಯುವ ದೊಡ್ಡ ಕಾರಣಕ್ಕೆ ಹೆಸರು 'ಗ್ಯಾಸ್ಟ್ರಿಕ್'. ಎದೆಯ ನಡುವೆ ಬಂಡೆ ಇಟ್ಟಂತಹ ಭಾರ, ಎಡಗೈಗೆ, ಭುಜಕ್ಕೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಇವು ಕಂಡಾಗಲೂ ಸೋಡಾ ಕುಡಿಸಿ, ಓಮದ ಕಾಳು ಅಗಿಯಲು ಕೊಟ್ಟು, ಬೆನ್ನಿಗೆ ಮುಲಾಮು ಹಚ್ಚಿ, ಬೆಳಗಾಗಲೆಂದು ಕಾಯುತ್ತೇವೆ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಸ್ಪಷ್ಟವಾಗಿ ಕಾಣದೆ ಬರಿಯ ಉಬ್ಬಸ, ವಾಕರಿಕೆ, ವಿಪರೀತ ಆಯಾಸಗಳೇ ಆಘಾತದ ಲಕ್ಷಣಗಳಾಗಿ ಬರುವುದುಂಟು. ಅಮ್ಮಂದಿರಾದರೋ ಅಡುಗೆ ಮುಗಿಸಿ ಎಲ್ಲರಿಗೂ ಬಡಿಸುವ ತನಕ ತಮ್ಮ ನೋವನ್ನು ಹೇಳಿಕೊಳ್ಳುವವರೇ ಅಲ್ಲ. ಹದಿನೈದು ಇಪ್ಪತ್ತು ನಿಮಿಷ ಬಿಡದ ನೋವನ್ನು ಇ.ಸಿ.ಜಿ. ತೆಗೆಯುವವರೆಗೆ ಹೃದಯದ್ದೆಂದೇ ಭಾವಿಸುವುದು ಕ್ಷೇಮ. ಅಜೀರ್ಣವೆಂದು ಗೊತ್ತಾದರೆ ನಗುತ್ತಾ ಮನೆಗೆ ಬರಬಹುದು. ಇನ್ನೊಂದು ಮಾತು: ಮೊದಲ ಇ.ಸಿ.ಜಿ. ಸರಿಯಾಗಿದ್ದರೂ ನೋವು ಮುಂದುವರಿದರೆ ಅದನ್ನು ಮತ್ತೆ ತೆಗೆಯಬೇಕಾಗುತ್ತದೆ.

ಎರಡನೆಯ ಕಾರಣ ಸರ್ಕಾರಿ ಆಸ್ಪತ್ರೆಯ ಬಗೆಗಿನ ತಾತ್ಸಾರ. ಮನೆಯ ಮಕ್ಕಳು ಮಂಗಳೂರಿನಲ್ಲೋ ಕುವೈತಿನಲ್ಲೋ ದುಡಿಯುತ್ತಿದ್ದರೆ ತಂದೆಯನ್ನು ತಾಲೂಕು ಆಸ್ಪತ್ರೆಗೆ ಸೇರಿಸುವುದು ಅವಮಾನವೆಂಬ ಭಾವನೆ ಬೇರೆ. ಹಾಗಾಗಿ ಹರಪನಹಳ್ಳಿಯ ಆಸ್ಪತ್ರೆಯ ಮುಂದಿನಿಂದಲೇ ಹಾದು ಗಾಡಿ ದಾವಣಗೆರೆಗೆ ಓಡುತ್ತದೆ. ಅರಸೀಕೆರೆಯಿಂದ ಜಗಳೂರು ಹತ್ತಿರವಾಗುವ ಹಳ್ಳಿಗಳವರೂ ಹೀಗೆಯೇ ಮಾಡುತ್ತಾರೆ. ದಾವಣಗೆರೆಗೆ ಹೋಗಬಾರದೆಂದಲ್ಲ, ಹೋಗಲೇಬೇಕು. ದಾರಿಯಲ್ಲಿ ಇ.ಸಿ.ಜಿ. ತೆಗೆಸಿ, ಮದ್ದು ಬೇಕೆಂದಾದರೆ ಹಾಕಿಸಿಕೊಂಡು ಹೋಗಬೇಕು. ತಾಲೂಕು ಆಸ್ಪತ್ರೆಯ ಯುವ ವೈದ್ಯರು ಈ ಮದ್ದು ಕೊಡಲು ಒಮ್ಮೊಮ್ಮೆ ಹಿಂಜರಿಯುವುದೂ ಸುಳ್ಳಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ನೆಂಟರು ಮೇಜು ಕುರ್ಚಿ ಮುರಿಯುತ್ತಾರೆಂಬ ಅಂಜಿಕೆ ಅವರದು. ಆ ಅಂಜಿಕೆಯನ್ನು ಹೋಗಲಾಡಿಸುವ ಕೆಲಸ ಜನರದ್ದೇ. ಈ ಮದ್ದು ಎಲ್ಲರಿಗೂ ಸಲ್ಲುವುದಿಲ್ಲವೆಂಬುದನ್ನೂ ನಾವು ಅರಿತಿರಬೇಕು. ಇತ್ತೀಚೆಗೆ ಪಾರ್ಶ್ವವಾಯು ಬಡಿದವರು, ದೊಡ್ಡ ಶಸ್ತ್ರಚಿಕಿತ್ಸೆಯಾದವರು, ರಕ್ತಸ್ರಾವದ ತೊಂದರೆಯಿರುವವರು ಇವರಿಗೆಲ್ಲ ಇದು ಅಪಾಯಕಾರಿ. ಇ.ಸಿ.ಜಿ.ಯಲ್ಲಿ ನಾಳ ಪೂರ್ತಿ ಮುಚ್ಚಿದ ಲಕ್ಷಣವಿಲ್ಲದ ಆಘಾತಕ್ಕೂ ಇದನ್ನು ಕೊಡುವುದಿಲ್ಲ. ಕೊಡುವುದೋ ಬಿಡುವುದೋ ವೈದ್ಯರ ತೀರ್ಮಾನ. ಅವರೆದುರು ಬೇಗ ಹೋಗಿ ನಿಲ್ಲುವುದು ನಮ್ಮ ಕೆಲಸ.

ಧರ್ಮಕೇಂದ್ರಗಳು ಏನು ಮಾಡಬಹುದು? ಹಬ್ಬದ ದೀಪಾಲಂಕಾರಕ್ಕೆ, ಸಿಡಿಮದ್ದಿಗೆ ಖರ್ಚು ಮಾಡುವ ಹಣದ ಒಂದಂಶದಲ್ಲಿ ಒಂದು ಇ.ಸಿ.ಜಿ. ಯಂತ್ರ ಬರುತ್ತದೆ. ಔಷಧಾಲಯ ನಡೆಸುವ ಕನ್ಯಾಮಠಗಳಲ್ಲಿ ತರಬೇತಾದ ದಾದಿ ಭಗಿನಿಯರಿದ್ದಾರೆ; ಯಂತ್ರ ಅವರ ಕೈಗೆ ಬಂದರೆ ಇಡೀ ಊರಿಗೆ ಉಪಕಾರ, ಯಾವ ಜಾತಿ ಮತವೆಂದು ಕೇಳದೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡ ಕುಟುಂಬಗಳ ಆಯುಷ್ಮಾನ್ ಕಾರ್ಡುಗಳನ್ನು ಮೊದಲೇ ಮಾಡಿಸಿಡಲು ನೆರವಾದರೆ ಎರಡನೆಯ ಹಂತದ ಆಂಜಿಯೋಪ್ಲಾಸ್ಟಿಯ ಹೊತ್ತಿನಲ್ಲಿ ಕಾಗದಪತ್ರಕ್ಕೆ ಅಲೆದಾಡುವುದು ತಪ್ಪುತ್ತದೆ. ಆಸ್ಪತ್ರೆಯಿಂದ ಮರಳಿದವರ ಮಾತ್ರೆಗಳ ಕಡೆಗೂ ಅವರ ಕಣ್ಣಿರಲಿ. ಸ್ಟೆಂಟ್ ಹಾಕಿಸಿಕೊಂಡವರು ಗುಣವಾಯಿತೆಂದು ಮಾತ್ರೆ ಬಿಟ್ಟರೆ ಅದೇ ಸ್ಟೆಂಟಿನಲ್ಲಿ ರಕ್ತ ಮತ್ತೆ ಹೆಪ್ಪುಗಟ್ಟುವ ಅಪಾಯವಿದೆ.

ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಯೇಸುಸ್ವಾಮಿಯ ಪವಿತ್ರ ಹೃದಯದ ಪಟವಿದೆ. ಅದರ ಕೆಳಗೆ ಒಂದು ಚೀಟಿ ಅಂಟಿಸಿಟ್ಟರೆ ಭಕ್ತಿಗೆ ಕುಂದಿಲ್ಲ: ಆಂಬುಲೆನ್ಸಿಗೆ 108, ತಾಲೂಕು ಆಸ್ಪತ್ರೆಯ ದೂರವಾಣಿ, ರಾತ್ರಿ ಕರೆದರೆ ಬರುವ ನೆರೆಮನೆಯವರ ವಾಹನ. ಪಕ್ಕದಲ್ಲಿ 300 ಮಿಲಿಗ್ರಾಂ ಆಸ್ಪಿರಿನ್ ಇರಲಿ. ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದವರು ಹೃದಯಾಘಾತದ ಅನುಮಾನ ಬಂದಾಗ ಅಗಿದು ನುಂಗಬೇಕು. ಯಾರಿಗೆ ಸಲ್ಲದೆಂದು ಮನೆಯ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳುವುದು ಒಳಿತು. ರೋಗಿಯನ್ನು ನಡೆಸಬಾರದು, ಮೋಟಾರ್ ಬೈಕಿನ ನಡುವೆ ಕೂರಿಸಬಾರದು.

ಕೊನೆಯದಾಗಿ ಒಂದು ಸಲಹೆ. ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಇಬ್ಬರು ಮೂವರು ಹಿರಿಯರು ಇದೇ ವಾರ ಹರಪನಹಳ್ಳಿಯ ತಾಲೂಕು ಆಸ್ಪತ್ರೆಗೆ ಹೋಗಿ ಆಡಳಿತ ವೈದ್ಯಾಧಿಕಾರಿಗಳನ್ನು ಕಾಣಲಿ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳವರು ತಮ್ಮ ತಮ್ಮ ಆಸ್ಪತ್ರೆಗಳಿಗೆ ಹೋಗಲಿ. ದೂರುವ ದನಿ ಬೇಡ, ವಿಚಾರಿಸುವ ದನಿ ಸಾಕು. ಹೃದಯ ಜ್ಯೋತಿಯ ಚುಚ್ಚುಮದ್ದು ಈ ರಾತ್ರಿ ಕಪಾಟಿನಲ್ಲಿದೆಯೇ, ಎಷ್ಟಿದೆ, ಅದರ ಅವಧಿ ಎಂದಿಗೆ ಮುಗಿಯುತ್ತದೆ? ಭಾನುವಾರ ಮತ್ತು ರಜಾದಿನಗಳ ರಾತ್ರಿ ಇ.ಸಿ.ಜಿ. ತೆಗೆಯುವವರು ಯಾರು? ಮದ್ದು ಕೊಟ್ಟ ಬಳಿಕ ರೋಗಿಯನ್ನು ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕಳುಹಿಸುತ್ತಾರೆ? ದೊರೆತ ಉತ್ತರಗಳನ್ನು ಮುಂದಿನ ಭಾನುವಾರ ಬಲಿಪೂಜೆಯ ಕೊನೆಯಲ್ಲಿ, ಮದುವೆಯ ಪ್ರಕಟಣೆಗಳ ಜೊತೆಗೆ, ಓದಿ ಹೇಳಬಹುದು.